ಲಗ್ನದ ತಟ್ಟೆಯೂ ಗ್ರಂಥಸಂಪಾದನೆಯೂ

‘ಸಂಪಾದನೆ’ ಎಂಬ ಶಬ್ದವನ್ನು ಕೇಳಿದೊಡನೆ ಸಾಮಾನ್ಯ ಜನರಿಗೆ ಹಣದ ನೆನಪು ಬರುತ್ತದೆ, ಕನ್ನಡ ಎಂ.ಎ. ತರಗತಿಯಲ್ಲಿ ಕುಳಿತು ಬಂದವರಿಗೆ ಓಲೆಗರಿಯ ನೆನಪು. ಈಚೆಗೆ ಇದೇ ಶಬ್ದಕ್ಕೆ ಮೂರನೆಯದೊಂದು ಅರ್ಥವೂ ಅಂಟಿಕೊಂಡಿದೆ. ಕಂಪ್ಯೂಟರಿನಲ್ಲಿಯೋ ಕೈಯೊಳಗಿನ ಫೋನಿನಲ್ಲಿಯೋ ಚಲಚ್ಚಿತ್ರವನ್ನು ಕತ್ತರಿಸಿ ಜೋಡಿಸುವ, ನಮ್ಮ ವಿದ್ಯಾರ್ಥಿಗಳು ‘ಎಡಿಟಿಂಗ್’ ಎಂದು ಕರೆಯುವ ಕೆಲಸ ಅದು. ಮೊದಲನೆಯ ಸಂಪಾದನೆಯ ವಿಷಯದಲ್ಲಿ ಕಾಲೇಜು ಅಧ್ಯಾಪಕನಾದವನು ಮೌನವಾಗಿರುವುದೇ ಲೇಸು. ಆದರೆ ಈ ಮೂರನೆಯದನ್ನು ಮಾಡುವವರು ಎರಡನೆಯದರಿಂದ ಕಲಿಯಬೇಕಾದದ್ದು ಬಹಳವಿದೆಯೆಂದೂ, ಅದನ್ನು ಕಲಿಯದಿದ್ದರೆ ಕನ್ನಡದ ಒಂದು ದೊಡ್ಡ ಆಸ್ತಿ ನಮ್ಮ ಕಣ್ಣೆದುರಿನಲ್ಲಿಯೇ ಕರಗಿಹೋದೀತೆಂದೂ ನಾನು ನಂಬಿದ್ದೇನೆ. ಆಸ್ತಿ ಎಂದೊಡನೆ ವಾಚಕರು ಯಾವುದೋ ಮಠದ ಕಟ್ಟುಗಳನ್ನು ಕಲ್ಪಿಸಿಕೊಳ್ಳಬೇಕಾಗಿಲ್ಲ. ನಾನು ಹೇಳುತ್ತಿರುವುದು ಮನೆಮನೆಯ ಅಲಮಾರಿಯಲ್ಲಿ ಬಿದ್ದಿರುವ ಲಗ್ನದ ಡಿ.ವಿ.ಡಿ. ತಟ್ಟೆಗಳ ಮಾತು.

ಚಿಂಚೋಳಿ, ಸೇಡಂ, ಚಿತ್ತಾಪುರ, ಶಹಾಬಾದ್, ವಾಡಿ ಈ ಸೀಮೆಯಲ್ಲಿ ಲಗ್ನವೆಂದರೆ ಹಂದರ ಎಷ್ಟು ಅವಶ್ಯವೋ ವಿಡಿಯೊ ಅಷ್ಟೇ ಅವಶ್ಯವಾಗಿ ಎರಡು ಮೂರು ದಶಕಗಳಾದವು. ಮೊದಲು ದೊಡ್ಡ ಕ್ಯಾಸೆಟ್ಟುಗಳು ಬಂದವು, ಬಳಿಕ ಸಿ.ಡಿ.ಗಳು, ಅನಂತರ ಡಿ.ವಿ.ಡಿ.ಗಳು. ಡಿ.ವಿ.ಡಿ. ಎಂಬುದು ಜಪಾನಿನ ಪೇಟೆಗೆ ಬಂದದ್ದು 1996ರಲ್ಲಿ. ನಮ್ಮ ತಾಲ್ಲೂಕುಗಳ ಸ್ಟುಡಿಯೊಗಳನ್ನು ಅದು ಮುಟ್ಟುವುದಕ್ಕೆ ಹತ್ತು ವರ್ಷ ಹಿಡಿಯಿತೆನ್ನಬಹುದು. ಮುಟ್ಟಿದ ಮೇಲೆ ಇನ್ನೊಂದು ಹತ್ತು ವರ್ಷ ಅದರದೇ ರಾಜ್ಯ. ಹೊಳೆಯುವ ಪೆಟ್ಟಿಗೆ, ಮೇಲೆ ವಧೂವರರ ಭಾವಚಿತ್ರ, ಒಳಗೆ ಒಂದೋ ಎರಡೋ ತಟ್ಟೆ. ಇಂದು ಅವುಗಳನ್ನು ಹಾಕಿ ನೋಡುವ ಯಂತ್ರವೇ ಹೆಚ್ಚಿನ ಮನೆಗಳಲ್ಲಿಲ್ಲ. ಹೊಸ ಲ್ಯಾಪ್‌ಟಾಪುಗಳಲ್ಲಿ ತಟ್ಟೆ ತೂರಿಸುವ ಬಾಯಿಯೇ ಇರುವುದಿಲ್ಲ. ಆದುದರಿಂದ ಓದುವ ಹುಡುಗರು ಪೇಟೆಯಿಂದ ಹೊರಜೋಡಣೆಯ ಒಂದು ಡ್ರೈವ್ ತಂದು, ತಮ್ಮ ಅಕ್ಕನದೋ ಕಾಕನದೋ ಲಗ್ನವನ್ನು ಕಂಪ್ಯೂಟರಿಗೆ ಇಳಿಸಿ, ಬೇಕಾದಷ್ಟನ್ನು ಕತ್ತರಿಸಿಕೊಳ್ಳಲು ಹವಣಿಸುತ್ತಾರೆ. ಈ ಹವಣಿಕೆ ಒಳ್ಳೆಯದು. ಇದಕ್ಕೆ ಕಾಲವೂ ಹೆಚ್ಚು ಉಳಿದಿಲ್ಲ.

ಉಳಿದಿಲ್ಲವೆನ್ನುವುದಕ್ಕೆ ಕಾರಣ ತಟ್ಟೆಯ ಮೈಯಲ್ಲೇ ಇದೆ. ಅಂಗಡಿಯಲ್ಲಿ ಮಾರುವ ಸಿನಿಮಾದ ತಟ್ಟೆಯನ್ನು ಕಾರ್ಖಾನೆಯಲ್ಲಿ ಅಚ್ಚೊತ್ತಿ ಮಾಡಿರುತ್ತಾರೆ. ಸ್ಟುಡಿಯೊದವರು ಕೊಟ್ಟ ತಟ್ಟೆಯಾದರೋ ಒಂದು ತೆಳುವಾದ ಬಣ್ಣದ ಪದರವನ್ನು ಲೇಸರ್ ಕಿರಣದಿಂದ ಸುಟ್ಟು ಬರೆದದ್ದು. ಆ ಬಣ್ಣ ಜೀವವಿಲ್ಲದ ಕಲ್ಲಲ್ಲ. ಬಿಸಿಲಿಗೆ, ಸೆಕೆಗೆ, ತೇವಕ್ಕೆ ಅದು ಮಾಸುತ್ತದೆ. ಬೇಸಗೆಯಲ್ಲಿ 40 ಡಿಗ್ರಿಯನ್ನು ಲೀಲಾಜಾಲವಾಗಿ ದಾಟುವ ನಮ್ಮ ಊರುಗಳಲ್ಲಿ, ಶಹಾಬಾದಿನ ಪರಸಿ ಹೊದಿಸಿದ ಮಾಳಿಗೆಯ ಕೆಳಗೆ, ತಗಡಿನ ಟ್ರಂಕಿನಲ್ಲಿ ಇಟ್ಟ ತಟ್ಟೆಯ ಆಯುಷ್ಯವನ್ನು ಯಾರೂ ಬರೆದು ಕೊಡಲಾರರು. 2020ರ ಅಕ್ಟೋಬರಿನಲ್ಲಿ ಕಾಗಿಣಾ, ಮುಲ್ಲಾಮಾರಿ ನದಿಗಳು ಉಕ್ಕಿ ಹರಿದಾಗ ದವಸಧಾನ್ಯ ಹೋದುದನ್ನು ಎಲ್ಲರೂ ಲೆಕ್ಕ ಹಾಕಿದರು. ಟ್ರಂಕಿನೊಳಗಿನ ತಟ್ಟೆಗಳನ್ನು ಲೆಕ್ಕಕ್ಕೆ ಹಿಡಿದವರು ಯಾರು?

ಚಲಚ್ಚಿತ್ರದ ವಿಷಯದಲ್ಲಿ ಕನ್ನಡಿಗರು ಒಮ್ಮೆ ಕಳೆದುಕೊಂಡವರು. 1934ರಲ್ಲಿ ತೆರೆಕಂಡ ‘ಸತಿ ಸುಲೋಚನಾ’ ನಮ್ಮ ಮೊದಲನೆಯ ವಾಕ್ಚಿತ್ರ. ಅದರ ಒಂದು ಪ್ರತಿಯೂ ಇಂದು ಉಳಿದಿರುವುದು ಗೊತ್ತಿಲ್ಲ. ಹೆಸರಾಂತ ಕೃತಿಯ ಗತಿಯೇ ಹೀಗಾದರೆ ಮನೆಯ ಚಿತ್ರಗಳನ್ನು ಕೇಳುವವರಾರು ಎನ್ನಬಹುದು. ಆದರೆ ಮನೆಯ ಚಿತ್ರವೆಂದರೆ ಕೀಳಲ್ಲ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಸರಕಾರವು ತನ್ನದೇ ಪ್ರಜೆಗಳಾದ ಜಪಾನಿ ಮೂಲದವರನ್ನು ಶಿಬಿರಗಳಲ್ಲಿ ಕೂಡಿಹಾಕಿತಷ್ಟೆ. ಯೂಟಾ ಪ್ರಾಂತದ ಟೋಪಾಜ್ ಎಂಬ ಶಿಬಿರದಲ್ಲಿದ್ದ ಡೇವ್ ತತ್ಸುನೊ ಎಂಬ ವ್ಯಾಪಾರಿ, ಗುಟ್ಟಾಗಿ ತರಿಸಿಕೊಂಡ 8 ಮಿಲಿಮೀಟರ್ ಕ್ಯಾಮರಾದಿಂದ ಅಲ್ಲಿನ ದಿನಚರಿಯನ್ನು ಹಿಡಿದಿಟ್ಟ. ಅದು ಯಾರಿಗೂ ತೋರಿಸಲೆಂದು ತೆಗೆದ ಚಿತ್ರವಲ್ಲ. ಸಂಸಾರಿಯೊಬ್ಬ ತನ್ನ ಸಂಸಾರಕ್ಕಾಗಿ ತೆಗೆದದ್ದು. 1996ರಲ್ಲಿ ಅಮೆರಿಕದ ರಾಷ್ಟ್ರೀಯ ಚಲನಚಿತ್ರ ದಾಖಲೆಯ ಪಟ್ಟಿಗೆ ಅದನ್ನು ಸೇರಿಸಿದರು. ಯಾವುದು ಚರಿತ್ರೆಯಾದೀತೆಂಬುದನ್ನು ಚಿತ್ರ ತೆಗೆಯುವವನು ತೆಗೆಯುವ ಗಳಿಗೆಯಲ್ಲಿ ಅರಿಯಲಾರ.

ನಮ್ಮ ಸೀಮೆಗೆ ಮರಳಿ ಬರೋಣ. ಹಲಸಂಗಿಯ ಗೆಳೆಯರು ಊರೂರು ಅಲೆದು ಹೆಣ್ಣುಮಕ್ಕಳ ಬಾಯಿಂದ ಹಾಡುಗಳನ್ನು ಬರೆದುಕೊಂಡು 1931ರಲ್ಲಿ ‘ಗರತಿಯ ಹಾಡು’ ಸಂಕಲನವನ್ನು ಹೊರತಂದದ್ದು ಸಾಹಿತ್ಯದ ವಿದ್ಯಾರ್ಥಿಗಳೆಲ್ಲರಿಗೂ ತಿಳಿದ ಸಂಗತಿ. ಅವರ ಕೈಯಲ್ಲಿದ್ದದ್ದು ಕಾಗದ, ಲೇಖನಿ ಮತ್ತು ಕಿವಿ. ಹಾಡು ಉಳಿಯಿತು, ಹಾಡಿದ ಧ್ವನಿ ಉಳಿಯಲಿಲ್ಲ. ಯಾವ ಅಕ್ಷರವನ್ನು ಎಳೆದಳು, ಎಲ್ಲಿ ಉಸಿರು ತೆಗೆದುಕೊಂಡಳು, ಯಾವ ಸಾಲಿಗೆ ಪಕ್ಕದವಳು ದನಿಗೂಡಿಸಿದಳು, ಯಾರ ಮುಖ ನೋಡಿ ನಕ್ಕಳು, ಇವನ್ನು ಕಾಗದ ಹಿಡಿಯಲಾರದು. ಆ ಮಹನೀಯರಿಗೆ ಇಂದು ಚಿಂಚೋಳಿಯ ಒಂದು ಸಾಮಾನ್ಯ ಮನೆಯಲ್ಲಿರುವ ಮೂರು ಗಂಟೆಯ ಲಗ್ನದ ತಟ್ಟೆ ಸಿಕ್ಕಿದ್ದರೆ ಏನು ಮಾಡುತ್ತಿದ್ದರೋ! ಅರಿಶಿನ ಹಚ್ಚುವಾಗಿನ ಸೋಬಾನ, ಐರಣಿ ತರುವಾಗಿನ ಪದ, ಬೀಗರನ್ನು ಮೂದಲಿಸುವ ಹಾಡು, ಒಡಪು, ಎಲ್ಲವೂ ಧ್ವನಿಸಹಿತ, ಮುಖಸಹಿತ, ಊರುಸಹಿತ ಅದರೊಳಗಿವೆ. ಸ್ಟುಡಿಯೊದ ಹುಡುಗನು ಜಾನಪದ ಸಂಗ್ರಹ ಮಾಡುತ್ತಿದ್ದೇನೆಂದು ಕನಸಿನಲ್ಲಿಯೂ ಎಣಿಸಿರಲಿಲ್ಲ. ಆದುದರಿಂದಲೇ ಆ ಸಂಗ್ರಹಕ್ಕೆ ಬೆಲೆ ಹೆಚ್ಚು. ಸಂಶೋಧಕನು ಮುಂದೆ ಬಂದು ಕುಳಿತನೆಂದರೆ ಹಾಡುವವಳಿಗೆ ಸಂಕೋಚ ಹುಟ್ಟುತ್ತದೆ. ಲಗ್ನದ ಗದ್ದಲದಲ್ಲಿ ಆ ಸಂಕೋಚವಿರುವುದಿಲ್ಲ.

ಈ ಮಾತನ್ನು ನಾನು ಗಾಳಿಯಲ್ಲಿ ಹೇಳುತ್ತಿಲ್ಲ. ಕುಂಚಾವರಂ ಕಡೆಯ ವಿದ್ಯಾರ್ಥಿಯೊಬ್ಬನು ತನ್ನ ಅಕ್ಕನ ಲಗ್ನದ ತಟ್ಟೆಯನ್ನು ಒಮ್ಮೆ ತಂದಿದ್ದ. 2009ರ ಲಗ್ನ. ಅದರಲ್ಲಿ ಅವನ ಆಯಿ, ಎಂದರೆ ಅಜ್ಜಿ, ಒಡಪು ಹೇಳುವ ಭಾಗವಿದೆ. ಆಯಿ ಈಗಿಲ್ಲ. ಆ ಭಾಗವೊಂದನ್ನೇ ತೆಗೆದು ತನ್ನ ಅವ್ವನಿಗೆ ಕೊಡಬೇಕೆಂಬುದು ಅವನ ಆಸೆ. ಒಡಪನ್ನು ಅರಿಯದ ದಕ್ಷಿಣದ ವಾಚಕರಿಗಾಗಿ ಒಂದು ಮಾತು: ಹೆಣ್ಣುಮಕ್ಕಳು ಗಂಡನ ಹೆಸರನ್ನು ನೇರವಾಗಿ ನುಡಿಯದೆ, ಪ್ರಾಸವಿಟ್ಟು ಕಟ್ಟಿದ ಎರಡು ನಾಲ್ಕು ಸಾಲುಗಳ ತುದಿಯಲ್ಲಿ ಅದನ್ನು ಹುದುಗಿಸಿ ಹೇಳುವ ಪದ್ಧತಿಯೇ ಒಡಪು. ಹೊಸ್ತಿಲಲ್ಲಿ ಅಡ್ಡಗಟ್ಟಿ ಹೇಳಿಸುತ್ತಾರೆ. ಹೇಳದಿದ್ದರೆ ಒಳಗೆ ಬಿಡುವುದಿಲ್ಲ. ಮುದುಕಿಯರನ್ನೂ ಬಿಡುವುದಿಲ್ಲ.

“ಸರ, ಚಿತ್ರ ಬರ್ಲಿಕತ್ತದ, ಆವಾಜ ಬರವಲ್ದು” ಎಂದ.

“ತಟ್ಟ್ಯಾಗ ಆವಾಜ ಅದನೋ ಇಲ್ಲೋ ನೋಡಿದೇನಪಾ?”

“ಟಿ.ವಿ.ಗಿ ಹಚ್ಚಿದ್ರ ಬರ್ತದ ಸರ. ಎಡಿಟಿಂಗಿಗಿ ತಗೊಂಡ್ರ ಬರಂಗಿಲ್ಲ. ಮತ್ತ ನಮ್ಮ ಆಯಿ ಅರ್ಧಾ ಹೇಳೂದ್ರಾಗೇ ನಿಂತುಬಿಡ್ತಾಳ.”

ಈ ಎರಡು ದೂರುಗಳಲ್ಲಿ ಇಡೀ ವಿಷಯವೇ ಅಡಗಿದೆ. ಎರಡನೆಯದನ್ನು ಮೊದಲು ನೋಡೋಣ. ಡಿ.ವಿ.ಡಿ. ತಟ್ಟೆಯನ್ನು ಕಂಪ್ಯೂಟರಿನಲ್ಲಿ ತೆರೆದರೆ ‘ವಿಡಿಯೊ ಟಿ.ಎಸ್.’ ಎಂಬ ಒಂದು ಕೋಶ ಕಾಣಿಸುತ್ತದೆ. ಅದರೊಳಗೆ ಮೂರು ಜಾತಿಯ ಕಡತಗಳು. ‘ವಿ.ಒ.ಬಿ.’ ಎಂಬುವು ದೊಡ್ಡವು. ಚಿತ್ರ ಮತ್ತು ಧ್ವನಿ ಇರುವುದು ಅವುಗಳಲ್ಲಿ. ‘ಐ.ಎಫ್.ಒ.’ ಎಂಬುದು ಚಿಕ್ಕದು. ಯಾವ ಭಾಗದ ಮುಂದೆ ಯಾವ ಭಾಗ ಬರಬೇಕೆಂಬ ಕ್ರಮವನ್ನು ಅದು ಹೇಳುತ್ತದೆ. ‘ಬಿ.ಯು.ಪಿ.’ ಎಂಬುದು ಆ ಕ್ರಮಪಟ್ಟಿಯದೇ ಇನ್ನೊಂದು ಪ್ರತಿ, ಮೊದಲನೆಯದು ಕೆಟ್ಟರೆ ಇರಲೆಂದು. ಒಂದು ವಿ.ಒ.ಬಿ. ಕಡತವು 1 ಗಿಗಾಬೈಟಿಗಿಂತ ದೊಡ್ಡದಾಗಬಾರದೆಂದು ನಿಯಮ. ತಟ್ಟೆಯಲ್ಲಿ ಹಿಡಿಸುವುದು 4.7 ಗಿಗಾಬೈಟು. ಆದುದರಿಂದ ತುಂಬಿದ ತಟ್ಟೆಯಲ್ಲಿ ಒಂದೇ ಲಗ್ನವು ಐದು ತುಂಡುಗಳಾಗಿ ಕುಳಿತಿರುತ್ತದೆ. ಒಂದೊಂದು ತುಂಡು ಅರ್ಧ ಗಂಟೆಯೋ ಮುಕ್ಕಾಲು ಗಂಟೆಯೋ ಓಡೀತು.

ಓಲೆಗರಿಯನ್ನು ಕಂಡವರಿಗೆ ಇದು ಹೊಸತಲ್ಲ. ಗರಿಯ ಉದ್ದ ಮುಗಿದಲ್ಲಿ ಸಾಲು ಮುಗಿಯುತ್ತದೆ, ಅರ್ಥ ಮುಗಿದಲ್ಲಿ ಅಲ್ಲ. ಪದ್ಯದ ನಡುವೆ, ಪದದ ನಡುವೆ ಕೂಡ ಗರಿ ಮುಗಿಯಬಹುದು. ಮುಂದಿನ ಗರಿಯನ್ನು ತಿರುವಿದರೆ ಪದ ಪೂರ್ಣವಾಗುತ್ತದೆ. ಒಂದೊಂದು ಗರಿಯನ್ನೂ ಒಂದೊಂದು ಕಾವ್ಯವೆಂದು ತಿಳಿಯುವ ಸಂಪಾದಕನನ್ನು ನಾವು ಏನೆಂದು ಕರೆದೇವು? ನಮ್ಮ ಹುಡುಗ ಮಾಡಿದ್ದು ಅದನ್ನೇ. ಐದರಲ್ಲಿ ಮೂರನೆಯ ತುಂಡನ್ನು ಮಾತ್ರ ಎತ್ತಿ ಎಡಿಟಿಂಗಿಗೆ ಹಾಕಿದ್ದ. ಒಡಪಿನ ಮೊದಲಿನ ಸಾಲು ಮೂರನೆಯ ತುಂಡಿನ ಕೊನೆಯಲ್ಲಿತ್ತು. ಪ್ರಾಸವೂ ಗಂಡನ ಹೆಸರೂ ನಾಲ್ಕನೆಯದರ ಆರಂಭದಲ್ಲಿದ್ದವು. ತುಂಡುಗಳನ್ನು ಬಿಡಿಬಿಡಿಯಾಗಿ ತಂದು ಒಂದರ ಪಕ್ಕ ಒಂದನ್ನಿಟ್ಟರೂ ಸಾಲದು. ಬೆಸುಗೆಯ ಜಾಗದಲ್ಲಿ ಧ್ವನಿ ಒಂದು ಕ್ಷಣ ಮುಗ್ಗರಿಸುವುದುಂಟು. ಕ್ರಮಪಟ್ಟಿಯನ್ನು ಓದಬಲ್ಲ ತಂತ್ರಾಂಶವೊಂದರಿಂದ ಐದನ್ನೂ ಒಂದೇ ಪ್ರವಾಹವನ್ನಾಗಿ ಮಾಡಿಕೊಂಡು, ಅನಂತರ ಸಂಕಲನಕ್ಕೆ ಕುಳಿತುಕೊಳ್ಳುವುದು ಸರಿಯಾದ ಹಾದಿ. ‘ಮೇಕ್‌ಎಂಕೆವಿ’ ಎಂಬ ತಂತ್ರಾಂಶ ಈ ಕೆಲಸವನ್ನು ಮಾಡುತ್ತದೆ. ಉಚಿತವಾಗಿ ದೊರೆಯುವ ‘ಎಫ್‌ಎಫ್‌ಎಂಪೆಗ್’ ಕೂಡ ತುಂಡುಗಳನ್ನು ಕೂಡಿಸಬಲ್ಲದು.

ಇನ್ನು ಧ್ವನಿಯ ದೂರು. ತಟ್ಟೆಯಲ್ಲಿ ಚಿತ್ರವನ್ನು ಎಂಪೆಗ್-2 ಎಂಬ ಸಂಕೇತದಲ್ಲಿಯೂ ಧ್ವನಿಯನ್ನು ಬಹುಮಟ್ಟಿಗೆ ಎ.ಸಿ.-3 ಎಂಬ ಸಂಕೇತದಲ್ಲಿಯೂ ಬರೆದಿರುತ್ತಾರೆ. ಎರಡೂ ಹಳೆಯ ಲಿಪಿಗಳು. ಹೊಸ ಸಂಕಲನ ತಂತ್ರಾಂಶಗಳಲ್ಲಿ ಕೆಲವು ಪರವಾನಗಿಯ ಕಾರಣದಿಂದಲೋ ಔದಾಸೀನ್ಯದಿಂದಲೋ ಎರಡನೆಯ ಲಿಪಿಯನ್ನು ಓದುವುದಿಲ್ಲ. ಓದಲಾಗದೆಂದು ಬಾಯಿಬಿಟ್ಟು ಹೇಳಿದರೂ ಆದೀತು. ಅವು ಹೇಳುವುದಿಲ್ಲ, ಸುಮ್ಮನೆ ಮೂಕಚಿತ್ರವನ್ನು ತೋರಿಸುತ್ತವೆ. ನೋಡುವವನು ತಟ್ಟೆಯೇ ಕೆಟ್ಟಿದೆಯೆಂದು ತಿಳಿದು ಅದನ್ನು ಎಸೆದುಬಿಡುತ್ತಾನೆ. ಹಳಗನ್ನಡದ ‘ಱ’, ‘ೞ’ಗಳನ್ನು ಓದಲು ಬಾರದವನು ಶಾಸನವೇ ಅಳಿಸಿದೆಯೆಂದಂತೆ! ‘ಕೆಡೆನ್‌ಲೈವ್’, ‘ಶಾಟ್‌ಕಟ್’ ಎಂಬ ಎರಡು ಮುಕ್ತ ತಂತ್ರಾಂಶಗಳು ಈ ಹಳೆಯ ಲಿಪಿಗಳನ್ನು ಓದುತ್ತವೆ, ಕಾಸೂ ಕೇಳುವುದಿಲ್ಲ. ಬೇರೆ ತಂತ್ರಾಂಶವೇ ಬೇಕೆನ್ನುವವರು ಚಿತ್ರವನ್ನು ಮುಟ್ಟದೆ ಧ್ವನಿಯನ್ನು ಮಾತ್ರ ಅದಕ್ಕೆ ತಿಳಿಯುವ ಸಂಕೇತಕ್ಕೆ ಬದಲಿಸಿಕೊಳ್ಳಬಹುದು.

‘ಮುಟ್ಟದೆ’ ಎಂದೆನಲ್ಲವೆ? ಅದನ್ನು ಒತ್ತಿ ಹೇಳಬೇಕಾಗಿದೆ. ತಟ್ಟೆಯಿಂದ ಚಿತ್ರವನ್ನು ಹೊರತೆಗೆಯುವ ಮಾರ್ಗಗಳು ಎರಡು. ಒಂದು, ಇದ್ದುದನ್ನು ಇದ್ದಂತೆ ಬೇರೊಂದು ಪೆಟ್ಟಿಗೆಗೆ ಸಾಗಿಸುವುದು; ಎರಡು, ಇದ್ದುದನ್ನು ಬಿಡಿಸಿ ಹೊಸದಾಗಿ ಬರೆಯುವುದು. ಜನಪ್ರಿಯವಾದ ‘ಹ್ಯಾಂಡ್‌ಬ್ರೇಕ್’ ಎರಡನೆಯ ಬಗೆಯದು. ಅದರಿಂದ ಬರುವ ಕಡತ ಚಿಕ್ಕದು, ಫೋನಿನಲ್ಲಿ ಓಡುವುದಕ್ಕೆ ಅನುಕೂಲ. ಆದರೆ ಹೊಸದಾಗಿ ಬರೆದಾಗಲೆಲ್ಲ ಒಂದಿಷ್ಟು ಸೋರಿಹೋಗುತ್ತದೆ. ಕ್ಯಾಸೆಟ್ಟಿನಿಂದ ತಟ್ಟೆಗೆ ಬರುವಾಗ ಒಮ್ಮೆ ಸೋರಿತ್ತು, ಎರಡು ಮೂರು ಗಂಟೆಗಳ ಲಗ್ನವನ್ನು ಒಂದೇ ತಟ್ಟೆಯಲ್ಲಿ ತುರುಕಿದಾಗ ಇನ್ನೊಮ್ಮೆ, ಈಗ ಮತ್ತೊಮ್ಮೆ. ವಾಟ್ಸ್‌ಆಪಿನಲ್ಲಿ ಕಳಿಸಿದಾಗ ಉಳಿದದ್ದೂ ಹಿಪ್ಪೆಯಾಗುತ್ತದೆ. ಪ್ರತಿಯ ಪ್ರತಿಯಿಂದ ಪ್ರತಿ ಮಾಡಿದ ಕಾವ್ಯಗಳಲ್ಲಿ ಪಾಠ ಹೇಗೆ ಕೆಡುತ್ತದೆಂಬುದನ್ನು ಡಿ.ಎಲ್. ನರಸಿಂಹಾಚಾರ್ಯರ ‘ಕನ್ನಡ ಗ್ರಂಥ ಸಂಪಾದನೆ’ಯನ್ನು ಓದಿದ ವಿದ್ಯಾರ್ಥಿಗಳಿಗೆ ನಾನು ಹೇಳಬೇಕಾಗಿಲ್ಲ. ಅಂದಿನ ಲಿಪಿಕಾರನ ಕೈಯಲ್ಲಿ ಇಲ್ಲದಿದ್ದ ಒಂದು ಸಿದ್ಧಿ ನಮ್ಮ ಕೈಯಲ್ಲಿದೆ: ಒಂದಕ್ಷರವೂ ತಪ್ಪದ ಪ್ರತಿ. ಇಡೀ ತಟ್ಟೆಯನ್ನು ಒಂದು ‘ಐ.ಎಸ್.ಒ.’ ಕಡತವನ್ನಾಗಿ ಇಳಿಸಿಕೊಂಡರೆ ಅದರಲ್ಲಿಯೂ ತಟ್ಟೆಯಲ್ಲಿಯೂ ಒಂದು ಚುಕ್ಕೆಯ ವ್ಯತ್ಯಾಸವಿರುವುದಿಲ್ಲ. ಸಾವಿರ ವರ್ಷ ನಮ್ಮ ಪ್ರತಿಕಾರರು ಬೆನ್ನು ಬಾಗಿಸಿ, ಕಣ್ಣು ನೋಯಿಸಿಕೊಂಡು ಬಯಸಿದ ವರ ಅದು. ಗೀರು ಬಿದ್ದ ತಟ್ಟೆಗಳಿಗೂ ‘ಡಿಡಿರೆಸ್ಕ್ಯೂ’ ಎಂಬುದೊಂದಿದೆ. ಓದಲು ಬಂದುದನ್ನು ಮೊದಲು ಎತ್ತಿಕೊಂಡು, ಬಾರದ ಜಾಗಕ್ಕೆ ಮತ್ತೆ ಮತ್ತೆ ಮರಳುತ್ತದೆ. ತಾಳ್ಮೆಯಲ್ಲಿ ಅದು ಒಳ್ಳೆಯ ಶಾಸನಜ್ಞನ ತಮ್ಮ.

ಚಿತ್ರದ ಆಕಾರವನ್ನು ಕುರಿತು ಹೆಚ್ಚು ಹೇಳುವುದಿಲ್ಲ. ನಮ್ಮ ದೇಶದ ತಟ್ಟೆಗಳಲ್ಲಿ ಚಿತ್ರಕ್ಕೆ 720 ಅಡ್ಡ, 576 ಉದ್ದ ಚುಕ್ಕೆಗಳು, ಸೆಕೆಂಡಿಗೆ 25 ಚಿತ್ರಗಳು. ಆ ಚುಕ್ಕೆಗಳು ಚೌಕವಲ್ಲ. ಅದನ್ನು ತಿಳಿಯದೆ ಇಂದಿನ ಅಗಲ ಪರದೆಗೆ ಎಳೆದರೆ ಮದುಮಗಳ ಮುಖ ಕುಂಬಳಕಾಯಿಯಾಗುತ್ತದೆ. ಹಾಗೆ ಎಳೆದ ಚಿತ್ರಗಳನ್ನೇ ನಾವು ದಿನವೂ ನೋಡುತ್ತಿದ್ದೇವೆ. ಕೈ ಬೀಸಿದಾಗ ಬಾಚಣಿಗೆಯ ಹಲ್ಲಿನಂತೆ ಗೆರೆಗಳೆದ್ದರೆ ಅದು ಕೇಡಲ್ಲ. ಒಂದೊಂದು ಚಿತ್ರವನ್ನೂ ಬೆಸ ಗೆರೆ, ಸರಿ ಗೆರೆಯೆಂದು ಎರಡು ಸಲಕ್ಕೆ ಹಿಡಿದಿರುವುದರ ಗುರುತು. ಮೂಲಪ್ರತಿಯಲ್ಲಿ ಅದನ್ನು ಹಾಗೆಯೇ ಬಿಟ್ಟು, ನೋಡುವ ಪ್ರತಿಯಲ್ಲಿ ಮಾತ್ರ ತೆಗೆಸಬೇಕು.

ಇಷ್ಟರವರೆಗೆ ಯಂತ್ರದ ಮಾತಾಯಿತು. ಯಂತ್ರದಿಂದ ಆಗುವ ಹಾನಿಗಿಂತ ರುಚಿಯಿಂದ ಆಗುವ ಹಾನಿ ದೊಡ್ಡದು. ಸ್ಟುಡಿಯೊಗಳಲ್ಲಿ ಒಂದು ಪದ್ಧತಿ ಬೆಳೆದುಬಂದಿದೆ. ಚಿತ್ರದ ಕೆಳಗಿರುವ ಸಹಜ ಧ್ವನಿಯನ್ನು ತೆಗೆದುಹಾಕಿ, ಅದರ ಜಾಗದಲ್ಲಿ ಸಿನಿಮಾದ ಹಾಡುಗಳನ್ನು ಹಚ್ಚುವುದು. ಹಳದಿ ಬಳಿಯುವಾಗ ಒಂದು ಹಿಂದಿ ಹಾಡು, ಅಕ್ಕಿಕಾಳು ಬೀಳುವಾಗ ಒಂದು ತೆಲುಗು ಹಾಡು, ಮಗಳನ್ನು ಕಳಿಸುವಾಗ ಒಂದು ಅಳುವ ಹಾಡು. ಚಿತ್ರದಲ್ಲಿ ಐದಾರು ಜನ ಮುದುಕಿಯರ ತುಟಿಗಳು ಅಲುಗುತ್ತಿರುತ್ತವೆ. ಕಿವಿಗೆ ಕೇಳುವುದು ಮುಂಬಯಿಯ ವಾದ್ಯಗೋಷ್ಠಿ. ಅವರು ಹಾಡುತ್ತಿದ್ದ ಸೋಬಾನವು ಇನ್ನು ಯಾವ ತಂತ್ರಾಂಶದಿಂದಲೂ ಮರಳಿ ಬರಲಾರದು. ಲಗ್ನದ ಮೂಲ ಟೇಪಿನ ಮೇಲೆ ಮರುವಾರ ಇನ್ನೊಂದು ಲಗ್ನವನ್ನು ಹಿಡಿದಿರುತ್ತಾರೆ. ಸುದೈವದಿಂದ ಎಲ್ಲ ತಟ್ಟೆಗಳೂ ಹೀಗಿಲ್ಲ. ಸ್ಟುಡಿಯೊದವನಿಗೆ ಬಿಡುವಿಲ್ಲದ ಸುಗ್ಗಿಯಲ್ಲಿ ಮಾಡಿದ ಅಗ್ಗದ ತಟ್ಟೆಗಳಲ್ಲಿ ಸಹಜ ಧ್ವನಿ ಹಾಗೆಯೇ ಉಳಿದಿರುವುದುಂಟು. ಬಡವರ ಲಗ್ನಗಳು ಈ ದೃಷ್ಟಿಯಿಂದ ಶ್ರೀಮಂತರ ಲಗ್ನಗಳಿಗಿಂತ ಶ್ರೀಮಂತವಾದವು.

ಈಗ ಅದೇ ತಟ್ಟೆಗಳನ್ನು ಕಂಪ್ಯೂಟರಿಗೆ ಇಳಿಸುತ್ತಿರುವ ತರುಣರು ಸ್ಟುಡಿಯೊದವನು ಬಿಟ್ಟುಹೋದ ಕೆಲಸವನ್ನು ತಾವೇ ಪೂರ್ಣಗೊಳಿಸುತ್ತಿದ್ದಾರೆ. ಮೂರು ಗಂಟೆಯದನ್ನು ಐದು ನಿಮಿಷಕ್ಕಿಳಿಸಿ, ಹಾಡು ಹಚ್ಚಿ, ತಟ್ಟೆಯನ್ನು ಕಸಕ್ಕೆ ಹಾಕುತ್ತಾರೆ. ಮೂರು ಗಂಟೆ ಕುಳಿತು ನೋಡುವ ವ್ಯವಧಾನ ಯಾರಿಗಿದೆಯೆಂಬುದು ಅವರ ಪ್ರಶ್ನೆ. ನ್ಯಾಯವಾದ ಪ್ರಶ್ನೆಯೇ. ಊಟದ ಪಂಕ್ತಿಯನ್ನು ಅರ್ಧ ಗಂಟೆ ತೋರಿಸುವ ಕ್ಯಾಮರಾದವನ ಮೇಲೆ ನನಗೂ ಪ್ರೀತಿಯಿಲ್ಲ. ಬಾಯಿಗೆ ತುತ್ತಿಟ್ಟುಕೊಳ್ಳುವವನ ಮುಖಕ್ಕೆ ದೀಪ ಹಿಡಿಯುವುದು ಯಾವ ಶಿಷ್ಟಾಚಾರವೋ! ಐದು ನಿಮಿಷದ ಚಿತ್ರವನ್ನು ಮಾಡಿಕೊಳ್ಳಲಿ; ಬೇಡವೆಂದವರಾರು? ಕಾವ್ಯದ ಸಂಗ್ರಹಗಳನ್ನು ನಾವೂ ಮಾಡುತ್ತೇವೆ. ಆದರೆ ಸಂಗ್ರಹ ಮಾಡಿದವನು ಮೂಲವನ್ನು ಒಲೆಗೆ ಹಾಕುವುದಿಲ್ಲ. ಮೊದಲು ಇಡೀ ತಟ್ಟೆಯ ಅವಿಕಲವಾದ ಪ್ರತಿ, ಅದು ಒಂದಲ್ಲ, ಎರಡು ಬೇರೆ ಬೇರೆ ಜಾಗದಲ್ಲಿ. ಬಳಿಕ ಕತ್ತರಿ. ನನ್ನ ವಾದವೆಲ್ಲ ಈ ಎರಡು ಮಾತುಗಳ ಹಿಂದುಮುಂದನ್ನು ಕುರಿತದ್ದೇ.

ಬೇಸರದ ಭಾಗವೆಂದು ಎಲ್ಲರೂ ಮೊದಲು ಕತ್ತರಿಸುವುದು ಆಯೇರಿಯನ್ನು. ಹಂದರದ ಮೂಲೆಯಲ್ಲಿ ಒಬ್ಬನು ಧ್ವನಿವರ್ಧಕವನ್ನು ಹಿಡಿದು ಇಂಥ ಊರಿನ ಇಂಥವರಿಂದ ಇಷ್ಟು ರೂಪಾಯಿ, ಇಂಥವರಿಂದ ಒಂದು ಕೊಡ, ಒಂದು ಸೀರೆ ಎಂದು ತಾಸುಗಟ್ಟಲೆ ಕೂಗುತ್ತಾನೆ. ಕೇಳುವುದಕ್ಕೆ ಬೇಸರವೇ. ಆದರೆ ದತ್ತಿ ಶಾಸನಗಳನ್ನು ಓದುವ ನಮಗೆ ಅದು ಬೇಸರವಾಗಬಾರದು. ಯಾವ ಊರು, ಯಾವ ಮನೆತನ, ಯಾವ ನಂಟು, ಏನು ಕೊಟ್ಟರೆಂಬ ಪಟ್ಟಿಯಿಂದಲ್ಲವೆ ನಾವು ಹಿಂದಿನ ಕಾಲದ ಸಮಾಜವನ್ನು ಕಟ್ಟಿಕೊಂಡಿರುವುದು? ಕುಂಚಾವರಂ ಊರು ಚಿಂಚೋಳಿ ತಾಲ್ಲೂಕಿನ ಅಂಚಿನಲ್ಲಿ, ಕಾಡಿನ ಸೆರಗಿನಲ್ಲಿದೆ, ಆಚೆಗೆ ತೆಲಂಗಾಣ. 1948ರವರೆಗೆ ಇದೆಲ್ಲವೂ ನಿಜಾಮನ ಒಂದೇ ರಾಜ್ಯ. 1956ರಲ್ಲಿ ಭಾಷಾವಾರು ಗೆರೆ ಎಳೆದಾಗ ಹೊಲಗಳು ಒಂದು ಕಡೆ, ಬೀಗರು ಇನ್ನೊಂದು ಕಡೆ ಉಳಿದರು. ಆಯೇರಿಯ ಕೂಗಿನಲ್ಲಿ ತಾಂಡೂರು, ಜಹೀರಾಬಾದುಗಳ ಹೆಸರುಗಳು ಸೇಡಂ, ಚಿತ್ತಾಪುರಗಳ ಜೊತೆಗೆ ಬರುತ್ತವೆ. ನಕಾಶೆಯಲ್ಲಿ ಇರುವ ಗೆರೆ ಹಂದರದಲ್ಲಿಲ್ಲ. ಕೂಗುವವನ ಭಾಷೆಯೂ ಹಾಗೆಯೇ: ಕನ್ನಡದಲ್ಲಿ ತೊಡಗಿ, ತೆಲುಗಿನಲ್ಲಿ ಚೇಷ್ಟೆ ಮಾಡಿ, ದಖನಿ ಉರ್ದುವಿನಲ್ಲಿ ಲೆಕ್ಕ ಮುಗಿಸುತ್ತಾನೆ. ಇಂಥ ನುಡಿಯನ್ನು ಯಾವ ವ್ಯಾಕರಣವೂ ಬರೆದಿಟ್ಟಿಲ್ಲ.

‘ಕವಿರಾಜಮಾರ್ಗ’ ಹುಟ್ಟಿದ್ದು ನಮ್ಮ ಈ ಸೀಮೆಯಲ್ಲಿಯೇ, ಕಾಗಿಣಾ ದಂಡೆಯ ಮಳಖೇಡದಲ್ಲಿ ಆಳುತ್ತಿದ್ದ ನೃಪತುಂಗನ ಆಶ್ರಯದಲ್ಲಿ, ಒಂಬತ್ತನೆಯ ಶತಮಾನದಲ್ಲಿ. ಕನ್ನಡದ ದೇಸಿಯಲ್ಲಿ ಊರೂರಿಗೆ ಭೇದವಿರುವುದನ್ನು ಆ ಗ್ರಂಥಕಾರ ಅಂದೇ ಗುರುತಿಸಿದ್ದ. ಗ್ರಂಥವನ್ನು ಕೆ.ಬಿ. ಪಾಠಕರು ಅಚ್ಚಿಗೆ ತಂದದ್ದು 1898ರಲ್ಲಿ. ನಡುವಿನ ಸಾವಿರ ವರ್ಷ ಅದನ್ನು ಬದುಕಿಸಿದವರು ಹೆಸರಿಲ್ಲದ ಪ್ರತಿಕಾರರು. ಅವರಿಗೆ ಅದರ ಬೆಲೆ ಪೂರ್ತಿಯಾಗಿ ತಿಳಿದಿತ್ತೆಂದು ನಾನು ಭಾವಿಸುವುದಿಲ್ಲ. ಗರಿ ಜೀರ್ಣವಾಯಿತು, ಇನ್ನೊಂದು ಬರೆಯಬೇಕು ಎಂಬಷ್ಟೇ ತಿಳಿವಳಿಕೆ ಅವರದು. ಇಂದಿನ ತರುಣರಿಂದ ಅಷ್ಟನ್ನೇ ನಿರೀಕ್ಷಿಸಿದರೂ ಸಾಕು.

ಲಂಬಾಣಿ ತಾಂಡಾಗಳ ವಿಷಯದಲ್ಲಿ ಈ ಅವಸರ ಇನ್ನೂ ಹೆಚ್ಚು. ಕುಂಚಾವರಂ ಸುತ್ತಿನ ತಾಂಡಾಗಳ ಲಗ್ನಗಳಲ್ಲಿ ಮದುಮಗಳು ತವರನ್ನು ಬಿಡುವಾಗ ‘ಢಾವಲೋ’ ಎಂಬ ಅಳುವ ಹಾಡನ್ನು ಹಾಡುತ್ತಾಳೆ. ಅದು ಹಾಡೂ ಹೌದು, ಅಳುವೂ ಹೌದು. ಅವರ ನುಡಿಗೆ ಸ್ವಂತ ಲಿಪಿಯಿಲ್ಲ. ಬರೆಯುವವರು ತಾವಿರುವ ರಾಜ್ಯದ ಲಿಪಿಯಲ್ಲಿ ಬರೆಯುತ್ತಾರೆ. ಲಿಪಿಯಿಲ್ಲದ ನುಡಿಗೆ ಧ್ವನಿಯೇ ಗ್ರಂಥ. ದುಡಿಮೆಗಾಗಿ ಮುಂಬಯಿ, ಪುಣೆ, ಹೈದರಾಬಾದುಗಳಿಗೆ ಹೋದ ಮನೆಗಳಲ್ಲಿ ಹುಟ್ಟಿದ ಹೆಣ್ಣುಮಕ್ಕಳಲ್ಲಿ ಎಷ್ಟು ಜನ ಅದನ್ನು ಕಲಿತಿದ್ದಾರು? ತಾಯಿಯ ಲಗ್ನದ ತಟ್ಟೆಯಲ್ಲಿ ಅದು ಇದ್ದರೆ ಮಗಳು ಇನ್ನೂ ಕಲಿಯಬಹುದು.

ಇಲ್ಲಿ ಒಂದು ಎಚ್ಚರ ಬೇಕು. ಮನೆಯ ಚಿತ್ರ ಮನೆಯದು. ಅದರಲ್ಲಿ ಮುರಿದ ಸಂಬಂಧಗಳಿರುತ್ತವೆ, ತೀರಿಹೋದ ಮಕ್ಕಳಿರುತ್ತಾರೆ, ಈಗ ಮಾತು ಬಿಟ್ಟ ಅಣ್ಣತಮ್ಮಂದಿರು ಒಂದೇ ತಾಟಿನಲ್ಲಿ ಉಣ್ಣುತ್ತಿರುತ್ತಾರೆ. ಸಂಗ್ರಹದ ಹೆಸರಿನಲ್ಲಿ ಅವನ್ನೆಲ್ಲ ಯೂಟ್ಯೂಬಿಗೆ ಹಾಕಿ ಊರಿಗೆ ತೋರಿಸುವುದು ಸಂಶೋಧನೆಯಲ್ಲ, ಅನಾಚಾರ. ಕಾಪಾಡುವುದು ಬೇರೆ, ಪ್ರಕಟಿಸುವುದು ಬೇರೆ. ಮನೆಯವರು ಒಪ್ಪಿದ ಹಾಡನ್ನೋ ಒಡಪನ್ನೋ ಮಾತ್ರ, ಅವರು ಒಪ್ಪಿದ ಮಟ್ಟಿಗೆ, ಹೊರಗೆ ತರಬೇಕು.

ಈ ಕೆಲಸಕ್ಕೆ ದೊಡ್ಡ ಯೋಜನೆಗಳನ್ನು ಕಾಯುತ್ತ ಕುಳಿತುಕೊಳ್ಳಬೇಕಾಗಿಲ್ಲವೆಂದು ನನಗೆ ತೋರುತ್ತದೆ. ನಮ್ಮ ಪದವಿ ಕಾಲೇಜುಗಳ ಗಣಕ ಕೊಠಡಿಗಳಲ್ಲಿ ತಟ್ಟೆ ಓದುವ ಡ್ರೈವ್ ಇರುವ ಹಳೆಯ ಕಂಪ್ಯೂಟರುಗಳಿವೆ. ಹಳತಾದವೆಂದು ಅವನ್ನು ಗುಜರಿಗೆ ಹಾಕುವ ಮೊದಲು ಎರಡನ್ನು ಕನ್ನಡ ವಿಭಾಗಕ್ಕೆ ಕೊಡಲಿ. ಬಿ.ಎ. ವಿದ್ಯಾರ್ಥಿಗಳಿಗೆ ಜಾನಪದದ ಕ್ಷೇತ್ರಕಾರ್ಯವೆಂದು ಪುಸ್ತಕಗಳಿಂದ ನಕಲು ಮಾಡಿದ ಹಾಡುಗಳನ್ನು ಬರೆಸುವ ಬದಲು, ತಮ್ಮ ಮನೆಯ ಒಂದು ತಟ್ಟೆಯನ್ನು ತಂದು, ಇಡಿಯಾಗಿ ಇಳಿಸಿ, ಅದರಲ್ಲಿಯ ಒಂದೇ ಒಂದು ಒಡಪನ್ನು ಕಿವಿಗೊಟ್ಟು ಕೇಳಿ, ಕೇಳಿದಂತೆ ಬರೆದುಕೊಂಡು ಬರಲು ಹೇಳಲಿ. ಒಂದು ತಟ್ಟೆಯನ್ನು ಇಳಿಸಲು ಬೇಕಾಗುವುದು ಅರ್ಧ ಗಂಟೆಗಿಂತ ಹೆಚ್ಚಲ್ಲ. ಒಡಪನ್ನು ಬರೆಯಲು ಒಂದು ವಾರ ಬೇಕಾದೀತು. ಆ ವಾರದಲ್ಲಿ ಅವನು ಕಲಿಯುವ ಭಾಷಾಶಾಸ್ತ್ರವನ್ನು ನಾನು ಒಂದು ವರ್ಷದಲ್ಲಿ ಕಲಿಸಲಾರೆ.

ಒಂದು ಸಣ್ಣ ಸಂಗತಿ ಉಳಿಯಿತು. ಓಲೆಗರಿಯ ಪ್ರತಿಕಾರನು ಕೊನೆಯಲ್ಲಿ ಸಂವತ್ಸರ, ತಿಥಿ, ಊರು, ಯಾರಿಗಾಗಿ ಬರೆದೆನೆಂಬುದನ್ನು ಹೇಳಿ ಕೈಮುಗಿಯುತ್ತಿದ್ದ. ನಮ್ಮ ತಟ್ಟೆಯ ಕಡತಗಳ ಹೆಸರುಗಳನ್ನು ನೋಡಿ: ಎಲ್ಲ ಲಗ್ನಗಳಲ್ಲಿಯೂ ‘ವಿ.ಟಿ.ಎಸ್. 01’ ಎಂದೇ ಇರುತ್ತದೆ. ಯಾರ ಲಗ್ನ, ಯಾವ ಊರು, ಯಾವ ವರ್ಷ ಎಂಬುದಿಲ್ಲ. ಪೆಟ್ಟಿಗೆಯ ಮೇಲೆ ವಧೂವರರ ಹೆಸರುಂಟು, ಹಾಡಿದವರ ಹೆಸರಿಲ್ಲ. ಇಳಿಸಿಕೊಂಡ ಕಡತಕ್ಕೆ ಊರು, ವರ್ಷ, ಮನೆತನದ ಹೆಸರನ್ನಿಟ್ಟು, ಪಕ್ಕದಲ್ಲಿ ಒಂದು ಪುಟದ ಟಿಪ್ಪಣಿಯನ್ನೂ ಇಡಬೇಕು. ಆ ಟಿಪ್ಪಣಿಗೆ ಬೇಕಾದ ಸಂಗತಿ ಯಾವ ತಂತ್ರಾಂಶದಲ್ಲಿಯೂ ಇಲ್ಲ. ಮನೆಯ ಹಿರಿಯ ಹೆಣ್ಣುಮಗಳನ್ನು ಪರದೆಯ ಮುಂದೆ ಕೂಡಿಸಿ, ಚಿತ್ರವನ್ನು ಅಲ್ಲಲ್ಲಿ ನಿಲ್ಲಿಸಿ, “ಇವರು ಯಾರಬೇ? ಯಾವೂರು?” ಎಂದು ಕೇಳುತ್ತ ಹೋಗಬೇಕು. ಕುಂಚಾವರಂ ಹುಡುಗನ ಮನೆಯಲ್ಲಿ ಹಾಗೆ ಕೇಳಿದಾಗ ಸೋಬಾನ ಹಾಡುವ ಏಳು ಜನರಲ್ಲಿ ಐವರ ಹೆಸರುಗಳು ದೊರೆತವು. ಆರನೆಯವಳು ಬಷೀರಾಬಾದಿನ ಕಡೆಯವಳೆಂದು ಗೊತ್ತಾಯಿತು, ಹೆಸರು ನೆನಪಾಗಲಿಲ್ಲ. ಏಳನೆಯವಳು ಕಂಬದ ಮರೆಯಲ್ಲಿ ಕುಳಿತಿದ್ದಾಳೆ. ಹಾಡನ್ನು ಎತ್ತಿಕೊಡುವ ಗಟ್ಟಿ ದನಿ ಅವಳದೇ.